ಏರ್ ಸಸ್ಪೆನ್ಷನ್ ಬಿಚ್ಚಿ ಸ್ಪ್ರಿಂಗ್ ಕೂರಿಸುವುದು: ಚಿಕ್ಕೋಡಿ ಸೀಮೆಯ ಹಳೆಯ ಎಸ್‌ಯುವಿಗಳು

ಕೆಲವು ದುಬಾರಿ ಎಸ್‌ಯುವಿಗಳು ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುತ್ತವೆ. ಈ ಏರ್ ಸಸ್ಪೆನ್ಷನ್ ಹಳೆಯದಾಗಿ ಸೋರತೊಡಗಿದಾಗ ಚೀಲ, ಕಂಪ್ರೆಸರ್, ವಾಲ್ವುಗಳನ್ನು ತೆಗೆದು ಸುರುಳಿ ಸ್ಪ್ರಿಂಗ್ ಹಾಕುವುದು ಜಗತ್ತಿನಾದ್ಯಂತ ರೂಢಿಯಲ್ಲಿರುವ ಮಾರ್ಪಾಟು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ರಸ್ತೆ, ಮಣ್ಣು, ಹೊರೆ ಮತ್ತು ಗ್ಯಾರೇಜುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ಲೇಖನ ಆ ಮಾರ್ಪಾಟನ್ನು ವಿವರಿಸುತ್ತದೆ. ಪುಣೆ, ಮುಂಬೈಗಳಲ್ಲಿ ಎಂಟು ಹತ್ತು ವರ್ಷ ಓಡಿ ಬೆಲೆ ಇಳಿದ ಗಾಡಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ದಕ್ಷಿಣಕ್ಕೆ ಬಂದರೆ, ಕೊಗನೊಳಿ ಟೋಲ್ ನಾಕಾ ದಾಟಿದ ಮೇಲೆ ಸಿಗುವ ಕರ್ನಾಟಕದ ಮೊದಲ ದೊಡ್ಡ ಊರು ನಿಪ್ಪಾಣಿ. ಕೊಳ್ಳುವಾಗ ಅಗ್ಗವಾಗಿ ಕಂಡ ಗಾಡಿಯ ನಿಜವಾದ ಬೆಲೆ ಒಂದು ಬೆಳಗ್ಗೆ ಅದು ಒಂದು ಮಗ್ಗುಲಿಗೆ ವಾಲಿ ನೆಲ ಹಿಡಿದು ನಿಂತಾಗ ಗೊತ್ತಾಗುತ್ತದೆ. ‘ಗಾಡಿ ಕುಂತೈತಿ’ ಎನ್ನುವುದು ಆ ಸ್ಥಿತಿಗೆ ಇಲ್ಲಿನ ಮಾತು.

ಚಕ್ಕಡಿಯಿಂದ ಬಲೂನಿನವರೆಗೆ

ಈ ಸೀಮೆಯ ಚಕ್ಕಡಿಗೆ ಸ್ಪ್ರಿಂಗ್ ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಕೂತ ಮರದ ಚೌಕಟ್ಟು ನೆಲದ ಏರುತಗ್ಗನ್ನೆಲ್ಲ ಕೂತವರ ಬೆನ್ನಿಗೆ ಮುಟ್ಟಿಸುತ್ತಿತ್ತು. ಕಬ್ಬು ಹೇರುವ ಎತ್ತಿನ ಗಾಡಿಗೆ ರಬ್ಬರ್ ಟೈರು ಬಂದಾಗ ಇಲ್ಲಿನ ರೈತ ಮೊದಲ ಸಲ ಗಾಳಿಯ ಮೇಲೆ ಸವಾರಿ ಮಾಡಿದ. ಜಾನ್ ಬಾಯ್ಡ್ ಡನ್ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ಟೈರು ಕೂಡ ಒಂದು ಬಗೆಯ ಏರ್ ಸ್ಪ್ರಿಂಗೇ. ಜೀಪು, ಟ್ರಕ್ಕುಗಳ ಜತೆಗೆ ಕಮಾನು ಪಟ್ಟಿಗಳು ಬಂದವು. ಮರಾಠಿ ಬೆರೆತ ಇಲ್ಲಿನ ಗ್ಯಾರೇಜು ಭಾಷೆಯಲ್ಲಿ ಅವು ‘ಪಾಟಾ’. ಮಹೀಂದ್ರಾ ಜೀಪಿನ ನಾಲ್ಕೂ ಚಕ್ರಗಳಿಗೆ, ಬೊಲೆರೊದ ಹಿಂದಿನ ಎರಡಕ್ಕೆ ಈ ಪಟ್ಟಿಗಳೇ ಆಸರೆ. ಒಂದು ಪಟ್ಟಿ ಮುರಿದರೆ ಒಂದು ಪಟ್ಟಿ ಬದಲಿಸಿದರಾಯಿತು. ಇಲ್ಲಿನ ಮಿಸ್ತ್ರಿಗಳ ಕೈ ಪಳಗಿರುವುದು ಈ ಲೆಕ್ಕದಲ್ಲಿ.

ಬಸ್ಸುಗಳ ಮೂಲಕ ಬಂದದ್ದು ‘ಬಲೂನ್’. ಪುಣೆ–ಬೆಂಗಳೂರು ಹೆದ್ದಾರಿಯ ಖಾಸಗಿ ಸ್ಲೀಪರ್ ಬಸ್ಸುಗಳ ಚಕ್ರದ ಬಳಿ ಬಗ್ಗಿ ನೋಡಿದರೆ ಕಾಣುವ ದಪ್ಪ ಕರಿ ರಬ್ಬರ್ ಚೀಲಗಳಿಗೆ ಈ ಹೆಸರು. ಹಳೆಗಾಲದ ಕಮ್ಮಾರನ ತಿದಿಯನ್ನು ಕಂಡವರಿಗೆ ಇದರ ರೂಪ ಹೊಸದಲ್ಲ. ತಿದಿ ಗಾಳಿಯನ್ನು ಹೊರಗೆ ಊದುತ್ತದೆ, ಬಲೂನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ವ್ಯತ್ಯಾಸ ಅಷ್ಟೆ. ಹೆದ್ದಾರಿ ಬದಿಯ ಗ್ಯಾರೇಜಿನವರು ಬಸ್ಸಿನ ಬಲೂನು ಬದಲಿಸಬಲ್ಲರು. ಆದರೆ ಆ ಅನುಭವದ ಬಲದಿಂದ ಎಸ್‌ಯುವಿಗೆ ಕೈ ಹಾಕಿದಾಗ ಎಡವುವುದೂ ಇದೆ. ಬಸ್ಸಿನಲ್ಲಿ ಗಾಳಿ ಬರುವುದು ಬ್ರೇಕಿಗಾಗಿ ಎಂಜಿನ್ ಸದಾ ತಿರುಗಿಸುವ ದೊಡ್ಡ ಕಂಪ್ರೆಸರಿನಿಂದ. ಎತ್ತರ ಕಾಯುವುದು ಒಂದು ಕಡ್ಡಿ ಕಟ್ಟಿದ ಯಾಂತ್ರಿಕ ವಾಲ್ವು. ಸಣ್ಣ ಸೋರಿಕೆ ಇದ್ದರೂ ಬಸ್ಸು ಓಡುತ್ತದೆ. ಎಸ್‌ಯುವಿಯ ಕಂಪ್ರೆಸರ್ ಬ್ಯಾಟರಿ ಕರೆಂಟಿನ ಪುಟ್ಟ ಯಂತ್ರ, ಆಗೊಮ್ಮೆ ಈಗೊಮ್ಮೆ ಒಂದೆರಡು ನಿಮಿಷ ಓಡಿ ನಿಲ್ಲಲೆಂದು ಮಾಡಿದ್ದು. ಅದನ್ನು ಆಳುವುದು ಕಂಪ್ಯೂಟರ್.

ಬಿಚ್ಚುವ ಚರಿತ್ರೆ

ಗಾಳಿ ತೆಗೆದು ಸ್ಪ್ರಿಂಗ್ ಹಾಕುವುದು ನಮ್ಮ ಕಡೆಯ ಜುಗಾಡು ಎಂದು ಮೂಗು ಮುರಿಯುವವರು ಅಮೆರಿಕದ ಚರಿತ್ರೆ ನೋಡಬೇಕು. ವಾಹನಕ್ಕೆ ಗಾಳಿ ಸ್ಪ್ರಿಂಗಿನ ಪೇಟೆಂಟುಗಳು 1901ರಷ್ಟು ಹಿಂದೆಯೇ ಅಲ್ಲಿ ದಾಖಲಾಗಿದ್ದವು. ಫೈರ್‌ಸ್ಟೋನ್ ಕಂಪನಿ 1930ರ ದಶಕದಲ್ಲಿ ರಬ್ಬರ್ ಚೀಲಗಳನ್ನು ಬೆಳೆಸಿತು, 1950ರ ದಶಕದಲ್ಲಿ ಜನರಲ್ ಮೋಟರ್ಸ್ ಬಸ್ಸುಗಳು ಅವುಗಳ ಮೇಲೆ ಓಡಿದವು. 1957ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರಿಗೆ ಏರ್ ಸಸ್ಪೆನ್ಷನ್ ಬಂತು. ಮರುವರ್ಷ ಷೆವರ್ಲೆಯಂಥ ಜನಸಾಮಾನ್ಯರ ಕಾರುಗಳಿಗೂ ಅದನ್ನು ಹೆಚ್ಚುವರಿ ಸೌಲಭ್ಯವಾಗಿ ಮಾರಿದರು. ಸೋರಿಕೆಯ ದೂರುಗಳು ಬಂದದ್ದೇ ತಡ, ಮಾಲೀಕರು ಸಾಲುಗಟ್ಟಿ ಸುರುಳಿ ಸ್ಪ್ರಿಂಗಿಗೆ ಮರಳಿದರು. ಇಂದು ಸಂಗ್ರಹಕಾರರ ಬಳಿ ಉಳಿದಿರುವ ಬ್ರೂಮ್‌ಗಳಲ್ಲಿ ಸ್ಪ್ರಿಂಗಿನ ಮೇಲೆ ನಿಂತವೇ ಬೇಕಾದಷ್ಟು ಇವೆ. ಏರ್ ಸಸ್ಪೆನ್ಷನ್ ಕಾರಿಗೆ ಬಂದ ಬೆನ್ನಿಗೇ ಅದನ್ನು ಬಿಚ್ಚುವ ವಿದ್ಯೆಯೂ ಹುಟ್ಟಿತು.

ಎಲೆಕ್ಟ್ರಾನಿಕ್ ನಿಯಂತ್ರಣದೊಡನೆ ಅದು ಮರಳಿ ಬಂದದ್ದು 1984ರ ಲಿಂಕನ್ ಮಾರ್ಕ್ 7 ಕಾರಿನಲ್ಲಿ. ಲಿಂಕನ್ ಕಾರುಗಳು ಹಳೆಯದಾದಂತೆ ಸ್ಪ್ರಿಂಗ್ ಕಿಟ್ ಮಾರುವುದೇ ಅಮೆರಿಕದಲ್ಲಿ ಒಂದು ಉದ್ಯಮವಾಯಿತು. ಎಸ್‌ಯುವಿಗಳ ಕಥೆ ಇನ್ನೂ ಸ್ವಾರಸ್ಯದ್ದು. 1970ರ ಮೊದಲ ರೇಂಜ್ ರೋವರ್ ಹೆಸರು ಮಾಡಿದ್ದೇ ಉದ್ದ ನಡೆಯ ಮೆತ್ತನೆಯ ಸುರುಳಿ ಸ್ಪ್ರಿಂಗುಗಳಿಂದ. ಅಂದಿನ ಜೀಪು, ಲ್ಯಾಂಡ್ ರೋವರುಗಳೆಲ್ಲ ಪಟ್ಟಿಗಳ ಮೇಲಿದ್ದವು. ಅದೇ ಗಾಡಿಗೆ 1992ರಲ್ಲಿ ಎಲೆಕ್ಟ್ರಾನಿಕ್ ಏರ್ ಸಸ್ಪೆನ್ಷನ್ ಕೊಟ್ಟರು. 1994ರಲ್ಲಿ ಬಂದ ಪಿ38 ಮಾದರಿಯಂತೂ ಗಾಳಿಯ ಮೇಲೇ ಹುಟ್ಟಿತು. ಪಿ38ಗೆ ಇಂದು ಸ್ಪ್ರಿಂಗ್ ಹಾಕಿಸುವವರು ಒಂದರ್ಥದಲ್ಲಿ ಅದನ್ನು 1970ಕ್ಕೆ ಕರೆದೊಯ್ಯುತ್ತಿದ್ದಾರೆ. ಭಾರತದಲ್ಲಿ ಈ ಸಮಸ್ಯೆ ತಡವಾಗಿ ಬಂತು. ಟಾಟಾ ಮೋಟರ್ಸ್ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡು 2009ರಲ್ಲಿ ಇಲ್ಲಿ ಮಾರಾಟ ಆರಂಭಿಸಿತು. ಆಡಿ ಕ್ಯೂ7, ಮರ್ಸಿಡೀಸ್ ಎಂಎಲ್ ಮತ್ತು ಜಿಎಲ್ ಮಾದರಿಗಳು ಕಂಡದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಂದಿನ ಗಾಡಿಗಳಿಗೆ ಈಗ ಹದಿನೈದು ವರ್ಷ ದಾಟಿದೆ.

ಗಾಳಿ ಮಾಡುವ ಕೆಲಸ

ಸಾಮಾನ್ಯ ಸ್ಪ್ರಿಂಗಿನ ಬಿರುಸು ಒಂದೇ ಸಮ. ನೂರು ಕಿಲೋ ಹೇರಿದರೆ ಎಷ್ಟು ತಗ್ಗುತ್ತದೋ ಇನ್ನೂರು ಹೇರಿದರೆ ಅದರ ಇಮ್ಮಡಿ. ಗಾಳಿ ಚೀಲ ಹಾಗಲ್ಲ. ಹೊರೆ ಹೆಚ್ಚಿ ಗಾಡಿ ತಗ್ಗಿದೊಡನೆ ಚಕ್ರದ ಬಳಿಯ ಎತ್ತರ ಸಂವೇದಕ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ, ಕಂಪ್ರೆಸರ್ ಗಾಳಿ ತುಂಬುತ್ತದೆ, ಗಾಡಿ ಮೊದಲಿನ ಎತ್ತರಕ್ಕೆ ಏರುತ್ತದೆ. ಒತ್ತಡ ಹೆಚ್ಚಿದ್ದರಿಂದ ಚೀಲದ ಬಿರುಸೂ ಹೊರೆಗೆ ತಕ್ಕಂತೆ ಹೆಚ್ಚಿರುತ್ತದೆ. ಹೀಗಾಗಿ ಒಬ್ಬರೇ ಕೂತರೂ ಏಳು ಜನ ಕೂತರೂ ತೂಗಾಟದ ಲಯ ಒಂದೇ. ಬಿಚ್ಚುವ ಮೊದಲು ನಾವು ಕಳೆದುಕೊಳ್ಳಲಿರುವುದು ಏನೆಂದು ತಿಳಿದಿರಬೇಕು. ಅದು ಬರೀ ಮೆತ್ತನೆಯ ಸವಾರಿಯಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ಒಂದು ಹಿಂದಿನ ಚಕ್ರದ ಮೇಲೆ ಕೂತ ಭಾರ 550 ಕೆ.ಜಿ. ಎಂದುಕೊಳ್ಳೋಣ. ಗಾಡಿ ಸೆಕೆಂಡಿಗೆ 1.2 ಸಲ ತೂಗುವಂತಿದ್ದರೆ ಸವಾರಿ ಹಿತ. ಅದಕ್ಕೆ ಚಕ್ರದ ಬಳಿ ಮಿಲಿಮೀಟರಿಗೆ ಸುಮಾರು 31 ನ್ಯೂಟನ್ ಬಿರುಸಿನ ಸ್ಪ್ರಿಂಗ್ ಬೇಕು. ಈಗ ಡಿಕ್ಕಿಗೆ ತಲಾ 45 ಕೆ.ಜಿ.ಯ ನಾಲ್ಕು ಚೀಲ ಯೂರಿಯಾ ಹೇರಿ, ಹಿಂದಿನ ಸೀಟಿನಲ್ಲಿ 60 ಕೆ.ಜಿ.ಯ ಇಬ್ಬರನ್ನು ಕೂರಿಸಿ. ಒಟ್ಟು 300 ಕೆ.ಜಿ. ಎಲ್ಲವೂ ಹಿಂದಿನ ಅಚ್ಚಿಗೇ ಬಿತ್ತೆಂದರೆ ಒಂದೊಂದು ಚಕ್ರಕ್ಕೆ 150 ಕೆ.ಜಿ.; ಗಾಡಿಯ ಹಿಂಭಾಗ ಸುಮಾರು 47 ಮಿ.ಮೀ. ತಗ್ಗುತ್ತದೆ, ಹೆಡ್‌ಲೈಟು ಎದುರಿನವನ ಕಣ್ಣಿಗೆ ಏರುತ್ತದೆ. ಏರ್ ಸಸ್ಪೆನ್ಷನ್ನಿನಲ್ಲಾದರೆ ಅರ್ಧ ನಿಮಿಷ ಕಂಪ್ರೆಸರ್ ಗೊರಗುಟ್ಟಿ ಗಾಡಿ ಸಮಕ್ಕೆ ನಿಲ್ಲುತ್ತಿತ್ತು.

‘ಗಟ್ಟಿ ಸ್ಪ್ರಿಂಗ್ ಹಾಕಿಬಿಡಿ’ ಎನ್ನುವುದು ಮಾಲೀಕರ ಬಾಯಿಗೆ ಮೊದಲು ಬರುವ ಪರಿಹಾರ. ತೂಗಾಟವನ್ನು ಸೆಕೆಂಡಿಗೆ 1.8ಕ್ಕೆ ಏರಿಸಿದರೆ ಸ್ಪ್ರಿಂಗ್ 70 ನ್ಯೂಟನ್ ದಾಟಬೇಕು, ಎಂದರೆ ಎರಡೂಕಾಲು ಪಟ್ಟು. ಅಷ್ಟು ಬಿರುಸನ್ನು ಹಿಡಿತದಲ್ಲಿಡಲು ಶಾಕ್ ಅಬ್ಸಾರ್ಬರ್ ಕೂಡ ಒಂದೂವರೆ ಪಟ್ಟು ಬಲವಾಗಿರಬೇಕು. ಹಳೆಯ ಮೆತ್ತಗಿನ ಶಾಕ್ ಅಬ್ಸಾರ್ಬರನ್ನೇ ಬಿಟ್ಟು ಬಿರುಸು ಸ್ಪ್ರಿಂಗ್ ಹಾಕಿದ ಗಾಡಿ ಹಂಪ್ ಇಳಿದ ಮೇಲೂ ಕುಪ್ಪಳಿಸುತ್ತಿರುತ್ತದೆ. ನಿಪ್ಪಾಣಿಯ ದಕ್ಷಿಣಕ್ಕೆ ತವಂದಿ ಘಾಟಿನ ಇಳಿಜಾರು ತಿರುವಿನಲ್ಲಿ ಅಂಥ ಗಾಡಿ ನಡೆಸುವುದು ಚಾಲಕನಿಗೆ ಹೆದರಿಕೆಯ ಕೆಲಸ. ಸುರುಳಿಗಳ ನಡುವಿನ ಅಂತರ ಒಂದೇ ಸಮ ಇರದ, ಒತ್ತಿದಷ್ಟೂ ಬಿರುಸಾಗುವ ಸ್ಪ್ರಿಂಗುಗಳೂ ಇವೆ. ಹಿಂದಿನ ಚಕ್ರಗಳಿಗೆ ಅವು ಸಿಕ್ಕರೆ ಹೊರೆಯ ಸಮಸ್ಯೆ ಅರ್ಧ ತೀರಿದಂತೆ.

ಇಲ್ಲಿ ಕೆಡುವ ಬಗೆ

ರಬ್ಬರ್ ಚೀಲ ಎಲ್ಲಿದ್ದರೂ ಮುಪ್ಪಾಗುತ್ತದೆ. ಚೀಲ ಒಂದು ಕೊಳವೆಯ ಮೇಲೆ ಮಡಿಸಿಕೊಂಡು ಏರಿಳಿಯುತ್ತದೆ. ಆ ಮಡಿಕೆಯಲ್ಲೇ ಮೊದಲ ಬಿರುಕು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಗಳ ಎರೆಮಣ್ಣು ಮಳೆಗಾಲದಲ್ಲಿ ಅಂಟಾಗಿ ಮೆತ್ತಿಕೊಂಡು ಬೇಸಗೆಯಲ್ಲಿ ಇಟ್ಟಿಗೆಯಂತೆ ಗಡಸಾಗುತ್ತದೆ. ಒಣಗಿದ ಕಣ ಚೀಲ ಮತ್ತು ಕೊಳವೆಯ ನಡುವೆ ಸೇರಿಕೊಂಡರೆ ಒಂದೊಂದು ಏರಿಳಿತಕ್ಕೂ ರಬ್ಬರನ್ನು ಉಜ್ಜುತ್ತದೆ. ಕಬ್ಬಿನ ತೋಟದ ಪಕ್ಕ ನಿಂತ ಗಾಡಿಗೆ ಇನ್ನೊಂದು ಶತ್ರು ಇಲಿ. ಚೀಲಕ್ಕೆ ಗಾಳಿ ಒಯ್ಯುವ, ಬೆರಳಿಗಿಂತ ಸಣ್ಣ ನೈಲಾನ್ ನಳಿಕೆಯಲ್ಲಿ ಹಲ್ಲಿನ ಒಂದು ಗುರುತು ಸಾಕು.

ನೀರಿನ ಮಾತು ಬೇರೆಯೇ. ಮಳೆಗಾಲದಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ನೀರು ಬಿಟ್ಟಾಗ ಕಲ್ಲೋಳ–ಯಡೂರ, ಕಾರದಗಾ–ಭೋಜ, ಜತ್ರಾಟ–ಭೀವಶಿಯಂಥ ತಗ್ಗಿನ ಸೇತುವೆಗಳು ಮುಳುಗುವುದು ಈ ಭಾಗದ ವರ್ಷವರ್ಷದ ಸುದ್ದಿ. 2005, 2019 ಮತ್ತು 2021ರ ನೆರೆಗಳಲ್ಲಿ ಊರುಗಳೇ ಜಲಾವೃತವಾಗಿದ್ದವು. ಲ್ಯಾಂಡ್ ರೋವರ್ ಡಿಸ್ಕವರಿ 3ರ ಕಂಪ್ರೆಸರ್ ಇರುವುದು ಗಾಡಿಯ ಹೊಟ್ಟೆಯ ಕೆಳಗೆ, ಚಾಸಿಗೆ ಅಂಟಿಕೊಂಡು. ‘ಎತ್ತರಕ್ಕೆ ಏರಿಸಿಕೊಂಡು ನೀರು ದಾಟಬಹುದು’ ಎಂಬ ಧೈರ್ಯದಲ್ಲಿ ನೀರಿಗಿಳಿಯುವ ಮಾಲೀಕ, ಆ ಎತ್ತರ ಕೊಡುವ ಯಂತ್ರವನ್ನೇ ಮೊದಲು ನೀರಿಗೆ ಕೊಟ್ಟಿರುತ್ತಾನೆ.

ಕೆಡುವಿಕೆಗೆ ಒಂದು ಸರಣಿ ಇದೆ. ಮೊದಲು ಚೀಲದಲ್ಲೋ ನಳಿಕೆಯ ಕೂಡಿಕೆಯಲ್ಲೋ ಸೂಜಿಮೊನೆಯಷ್ಟು ತೂತು. ಅದನ್ನು ಸರಿದೂಗಿಸಲು ಕಂಪ್ರೆಸರ್ ದಿನಕ್ಕೆ ಹತ್ತಾರು ಸಲ ಎದ್ದು ಓಡುತ್ತದೆ, ಕಾಯುತ್ತದೆ, ಒಳಗಿನ ಉಂಗುರ ಸವೆಯುತ್ತದೆ. ಗಾಳಿಯ ತೇವ ಹೀರುವ ಸಿಲಿಕಾ ಹರಳುಗಳು ನೀರು ಕುಡಿದು ಪುಡಿಯಾಗುತ್ತವೆ, ಆ ಪುಡಿ ವಾಲ್ವುಗಳಿಗೆ ಹೋಗಿ ಕೂರುತ್ತದೆ. ಕೊನೆಗೆ ಕಂಪ್ರೆಸರಿಗೆ ಕರೆಂಟು ಕೊಡುವ ರಿಲೇ ಅಂಟಿಕೊಂಡು ರಾತ್ರಿಯಿಡೀ ಕಂಪ್ರೆಸರ್ ಓಡಿ ಬ್ಯಾಟರಿಯೂ ಖಾಲಿ. ಗ್ಯಾರೇಜಿಗೆ ಬರುವ ಹೊತ್ತಿಗೆ ಮಾಲೀಕನಿಗೆ ಕಾಣುವುದು ಸುಟ್ಟ ಕಂಪ್ರೆಸರ್ ಮಾತ್ರ. ಅದನ್ನಷ್ಟೇ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಬಿಚ್ಚುವ ಮೊದಲು

ಹೀಗಾಗಿ ಸ್ಪ್ರಿಂಗಿನ ನಿರ್ಧಾರಕ್ಕೆ ಮುಂಚೆ ಒಂದು ರಾತ್ರಿಯ ಪರೀಕ್ಷೆ ಅಗತ್ಯ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ ಟೇಪು ಹಿಡಿದು ಬರೆದಿಟ್ಟುಕೊಂಡು, ಬೆಳಗ್ಗೆ ಮತ್ತೆ ಅಳೆಯಬೇಕು. ಒಂದೇ ಮೂಲೆ ಕೂತಿದ್ದರೆ ಆ ಚೀಲವೋ ಅದರ ನಳಿಕೆಯೋ. ಮುಂದಿನ ಎರಡೂ ಒಟ್ಟಿಗೆ ಕೂತಿದ್ದರೆ ವಾಲ್ವುಗಳ ಮೇಲೆ ಅನುಮಾನ ಹೋಗಬೇಕು. ‘ಚಳಿಗೆ ಗಾಳಿ ಕುಗ್ಗಿರಬೇಕು’ ಎಂಬ ಸಮಾಧಾನ ನಿಲ್ಲುವುದಿಲ್ಲ: ಸಂಜೆ 35 ಡಿಗ್ರಿ ಇದ್ದದ್ದು ಬೆಳಗ್ಗೆ 15ಕ್ಕೆ ಇಳಿದರೂ ಗಾಳಿಯ ಗಾತ್ರ ಕುಗ್ಗುವುದು ನೂರಕ್ಕೆ ಆರೂವರೆಯಷ್ಟು, ಅದರಿಂದ ಗಾಡಿ ಒಂದೆರಡು ಸೆಂಟಿಮೀಟರು ತಗ್ಗೀತೇ ಹೊರತು ನೆಲ ಹಿಡಿಯದು. ಸೋಪಿನ ನೀರು ಸವರಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ಸೈಕಲ್ ಪಂಕ್ಚರ್ ತೆಗೆಯುವ ಹುಡುಗನಿಗೂ ಗೊತ್ತಿರುವ ಈ ವಿಧಾನವನ್ನು ಲಕ್ಷಗಟ್ಟಲೆ ಬೆಲೆಯ ಗಾಡಿಯ ಮುಂದೆ ನಾವು ಮರೆಯುತ್ತೇವೆ.

ತೂತು ನಳಿಕೆಯಲ್ಲಿದ್ದರೆ ತುಂಡು ಬದಲಿಸಿ ಮನೆಗೆ ಹೋಗಬಹುದು. ಒಂದು ಚೀಲ ಮಾತ್ರ ಹೋಗಿ, ಕಂಪ್ರೆಸರ್ ಇನ್ನೂ ಗಟ್ಟಿಯಿದ್ದರೆ ಕಂಪನಿಯ ಹೊರಗಿನ ತಯಾರಕರ ಚೀಲಗಳು ಸಿಗುತ್ತವೆ. ಒಂದು ಹೋದರೆ ಅದರ ಜತೆಯದನ್ನೂ ಬದಲಿಸುವುದು ಜಾಣತನ. ನಾಲ್ಕೂ ಚೀಲ, ಕಂಪ್ರೆಸರ್, ವಾಲ್ವು ಎಲ್ಲವೂ ದಣಿದು, ಗಾಡಿಯ ಬೆಲೆಗೂ ದುರಸ್ತಿಯ ಬೆಲೆಗೂ ಹೊಂದಿಕೆ ತಪ್ಪಿದಾಗ ಸ್ಪ್ರಿಂಗ್ ನ್ಯಾಯವಾದ ಆಯ್ಕೆ. ಈ ತಾಲ್ಲೂಕುಗಳಲ್ಲಿ ಇನ್ನೊಂದು ಕಾರಣವೂ ತೂಗುತ್ತದೆ, ಅದು ದೂರ. ಅಥಣಿಯಲ್ಲಿ ರಾತ್ರಿ ಕೂತ ಗಾಡಿಯನ್ನು ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ಯಲು ಲಾರಿಯ ಮೇಲೇ ಹೇರಬೇಕು, ಏಕೆಂದರೆ ಗಾಳಿಯಿಲ್ಲದ ಚೀಲದ ಮೇಲೆ ಓಡಿಸಿದರೆ ಟೈರು ಮಡ್‌ಗಾರ್ಡಿಗೆ ತಾಗುತ್ತದೆ, ಚೀಲ ಚಕ್ಕೆಚಕ್ಕೆಯಾಗುತ್ತದೆ. ಕಾಗವಾಡದವರಿಗೆ ಮಿರಜ್, ಸಾಂಗ್ಲಿ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಲಾಪುರ 40 ಕಿ.ಮೀ. ಆಸುಪಾಸು, ರಾಯಬಾಗ, ಚಿಕ್ಕೋಡಿಯವರು ಬೆಳಗಾವಿಯ ಕಡೆಗೂ ಮುಖ ಮಾಡಬಹುದು.

ಯಾವ ಗಾಡಿ ಒಗ್ಗುತ್ತದೆ

ಕೇಳಬೇಕಾದ ಮೊದಲ ಪ್ರಶ್ನೆ: ಇದೇ ಮಾದರಿ ಕಾರ್ಖಾನೆಯಿಂದಲೇ ಸ್ಪ್ರಿಂಗಿನ ಮೇಲೂ ಹೊರಬಂದಿತ್ತೇ? ಫೋಕ್ಸ್‌ವ್ಯಾಗನ್ ಟುವಾರೆಗ್, ಪೋರ್ಷೆ ಕಯೆನ್, ಆಡಿ ಕ್ಯೂ7ಗಳ ಮೊದಲ ತಲೆಮಾರು ಎರಡೂ ರೂಪದಲ್ಲಿ ಬಂದಿತ್ತು. ಮರ್ಸಿಡೀಸ್ ಎಂಎಲ್‌ನ ಡಬ್ಲ್ಯು164 ಪೀಳಿಗೆಯೂ ಹಾಗೆಯೇ. ಡಿಸ್ಕವರಿ 3ರ ಅಗ್ಗದ ಆವೃತ್ತಿ ಕೆಲವು ದೇಶಗಳಲ್ಲಿ ಸ್ಪ್ರಿಂಗಿನ ಮೇಲೆ ಮಾರಾಟವಾಯಿತು. ಇಂಥ ಗಾಡಿಗೆ ಕಂಪನಿಯ ಇಂಜಿನಿಯರುಗಳೇ ಲೆಕ್ಕ ಹಾಕಿದ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಮೇಲಿನ ಕಟ್ಟು, ಬಂಪ್ ಸ್ಟಾಪ್ ಎಲ್ಲವೂ ಭಾಗ ಸಂಖ್ಯೆಯೊಡನೆ ಇವೆ. ಕಂಪ್ಯೂಟರಿಗೆ ‘ಈ ಗಾಡಿಯಲ್ಲಿ ಏರ್ ಇಲ್ಲ’ ಎಂದು ಕೋಡ್ ಹಾಕುವ ದಾರಿಯೂ ಕಾರ್ಖಾನೆಯದೇ. ಇವು ಸುಲಭದ ಪೈಕಿ.

ಪಿ38 ರೇಂಜ್ ರೋವರಿಗೆ ಸ್ಪ್ರಿಂಗಿನ ಆವೃತ್ತಿ ಇರಲಿಲ್ಲ. ಆದರೆ ಅದರ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಅಚ್ಚುಗಳಿರುವುದರಿಂದ, ಚೀಲ ತೆಗೆದ ಜಾಗದಲ್ಲಿ ಬಟ್ಟಲಿಟ್ಟು ಸುರುಳಿ ಕೂರಿಸುವುದು ಸರಳ. ಹಾಗಾಗಿಯೇ ಅದಕ್ಕೆ ಸಿದ್ಧ ಕಿಟ್‌ಗಳು ಬೇಕಾದಷ್ಟು. ಅದರ ಕಂಪ್ಯೂಟರ್ ಮಾತ್ರ ಸುಮ್ಮನಿರದು. ದೋಷವಿದೆ, ಗಂಟೆಗೆ 35 ಮೈಲಿ ಮೀರಬೇಡ ಎಂದು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಸುತ್ತಲೇ ಇರುತ್ತದೆ. ಅದನ್ನು ಸರಿಯಾಗಿ ಕಳಚಿ ಹಾಕುವುದು ಕೆಲಸದ ಭಾಗವೇ. ಅದರ ನಂತರದ ಎಲ್322 ಮಾದರಿ ನಾಲ್ಕೂ ಚಕ್ರ ಬಿಡಿಬಿಡಿಯಾಗಿ ಚಲಿಸುವಂಥದು, ಕಾರ್ಖಾನೆಯ ಸ್ಪ್ರಿಂಗ್ ರೂಪ ಅದಕ್ಕಿಲ್ಲ. ಕಿಟ್‌ಗಳಿದ್ದರೂ ಈ ಗಾಡಿಯಲ್ಲಿ ಗಾಳಿಯನ್ನೇ ದುರಸ್ತಿ ಮಾಡಿಸುವುದು ಒಳ್ಳೆಯದೆಂದು ಈ ಲೇಖಕನ ಅಭಿಪ್ರಾಯ.

ಮೂರನೆಯ ದಾರಿಯೊಂದು ಇದೆ: ಅಳತೆಗೆ ಹತ್ತಿರವಾದ ಬೇರೆ ಗಾಡಿಯ ಸ್ಪ್ರಿಂಗ್ ತಂದು ಕತ್ತರಿಸಿ ಕೂರಿಸುವುದು. ಇದು ಬೇಡ. ಸುರುಳಿಯ ಬಿರುಸು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಹೊಂದಿಕೊಂಡಿದೆ; ತಂತಿ ನೂರಕ್ಕೆ ಹತ್ತು ದಪ್ಪವಾದರೆ ಬಿರುಸು ನೂರಕ್ಕೆ 46 ಏರುತ್ತದೆ. ಕಣ್ಣಳತೆ ಇಲ್ಲಿ ನಡೆಯದು. ಸುತ್ತು ಕತ್ತರಿಸಿದರೆ ಉಳಿದ ಸ್ಪ್ರಿಂಗ್ ಕುಳ್ಳಗಾಗುವುದರ ಜತೆಗೆ ಬಿರುಸೂ ಆಗುತ್ತದೆ. ಕತ್ತರಿಸಿದ ತುದಿ ಬಟ್ಟಲಿನಲ್ಲಿ ಸಮನಾಗಿ ಕೂರುವುದಿಲ್ಲ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ತಗ್ಗಿಸಿದರಂತೂ ಉಕ್ಕಿನ ಹದವೇ ಹೋಗುತ್ತದೆ. ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಶಿವಾಜಿ ಉದ್ಯಮನಗರಗಳ ಲೇತು, ಫೌಂಡ್ರಿಗಳ ಕೈಚಳಕಕ್ಕೆ ಹೆಸರಿದೆ. ಬಟ್ಟಲು, ಬ್ರಾಕೆಟ್‌ಗಳನ್ನು ಅಲ್ಲಿ ಚೊಕ್ಕವಾಗಿ ಮಾಡಿಸಬಹುದು. ಸ್ಪ್ರಿಂಗ್ ಮಾತ್ರ ಹದಗೊಳಿಸಿ, ಮೇಲ್ಮೈಗೆ ಉಕ್ಕಿನ ಗುಂಡುಗಳಿಂದ ಬಡಿದು ತಯಾರಿಸುವ ಸ್ಪ್ರಿಂಗ್ ಕಾರ್ಖಾನೆಯದೇ ಆಗಿರಲಿ.

ಕೆಲಸ ನಡೆಯುವ ಬಗೆ

ಗಾಳಿ ಇಳಿಸುವುದು ಮೊದಲು. ಸ್ಕ್ಯಾನರ್ ಮೂಲಕ ವಾಲ್ವು ತೆರೆದು ನಾಲ್ಕೂ ಚೀಲ ಮತ್ತು ಶೇಖರಣಾ ಟ್ಯಾಂಕನ್ನು ಖಾಲಿ ಮಾಡಬೇಕು; ಒತ್ತಡವಿರುವಾಗ ನಳಿಕೆ ಸಡಿಲಿಸಿದರೆ ಕೂಡಿಕೆ ಗುಂಡಿನಂತೆ ಹಾರುತ್ತದೆ. ಗಾಳಿ ಇಳಿಯುತ್ತಿದ್ದಂತೆ ಗಾಡಿಯ ಮೈ ಕೆಳಗೆ ಬರುವುದರಿಂದ, ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ ಯಾರೂ ಕೆಳಗೆ ತೂರಬಾರದು. ಜಾಕಿನ ಮೇಲೊಂದೇ ನಂಬಿಕೆ ಇಡುವ ರೂಢಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಹೋಗಿಲ್ಲ.

ಹಳೆಯ ಚೀಲ ಹೊರಬಂದ ಮೇಲೆ ಬಟ್ಟಲಿನ ತುಕ್ಕು ಕೆರೆದು ಬಣ್ಣ ಹಚ್ಚಿ, ಸ್ಪ್ರಿಂಗಿನ ಎರಡೂ ತುದಿಗೆ ರಬ್ಬರ್ ಹಾಸು ಇಟ್ಟು ಕೂರಿಸುತ್ತಾರೆ. ಸ್ವತಂತ್ರ ಚಕ್ರಗಳ ಗಾಡಿಯಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಟ್ಟಾಗಿ ಬರುತ್ತವೆ. ಸ್ಪ್ರಿಂಗನ್ನು ಒತ್ತಿ ಹಿಡಿಯಲು ಅದಕ್ಕೆಂದೇ ಇರುವ ಸಾಧನ ಬೇಕು. ತಂತಿ, ಹಗ್ಗ ಕಟ್ಟಿ ಒತ್ತುವುದು ಜೀವದ ಜೂಜು. ತೋಳುಗಳ ಬುಶ್ ಬೋಲ್ಟುಗಳನ್ನು ಬಿಗಿಯುವುದರಲ್ಲಿ ಒಂದು ಸೂಕ್ಷ್ಮವಿದೆ. ಚಕ್ರ ಗಾಳಿಯಲ್ಲಿ ಜೋತುಬಿದ್ದಿರುವಾಗಲೇ ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ಬುಶ್‌ನ ರಬ್ಬರು ತಿರುಚಿಕೊಂಡೇ ಉಳಿದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ನೆಲಕ್ಕಿಳಿಸಿ, ಭಾರ ಬಿದ್ದ ಮೇಲೆ ಕೊನೆಯ ಬಿಗಿತ. ಸ್ಪ್ರಿಂಗ್ ಹಾಕಿಸಿದ ಮೇಲೆ ‘ಕಟ ಕಟ’ ಶಬ್ದ ಬರುತ್ತದೆಂಬ ದೂರುಗಳಿದ್ದಲ್ಲಿ ಮೊದಲು ನೋಡಬೇಕಾದದ್ದು ಈ ಬುಶ್‌ಗಳನ್ನೇ.

ಮುಂದೆ ಮಾಡಿ ಹಿಂದೆ ಬಿಡುವುದು, ಎಡಕ್ಕೆ ಸ್ಪ್ರಿಂಗ್ ಹಾಕಿ ಬಲಕ್ಕೆ ಗಾಳಿ ಉಳಿಸುವುದು ಒಂದು ಕಂಪ್ಯೂಟರಿಗೆ ಎರಡು ಭಾಷೆ ಕಲಿಸಿದಂತೆ. ಹಿಂದಿನ ಅಚ್ಚಿಗೆ ಮಾತ್ರ ಗಾಳಿ ಇರುವ, ಡಿಸ್ಕವರಿ 2ರಂಥ ಗಾಡಿಗಳ ಮಾತು ಬೇರೆ. ಉಳಿದವುಗಳಲ್ಲಿ ನಾಲ್ಕೂ ಒಟ್ಟಿಗೆ ಆಗಬೇಕು. ಕಂಪ್ರೆಸರಿನ ಫ್ಯೂಸ್ ಕಿತ್ತು ‘ಮುಗೀತು’ ಎನ್ನುವುದು ಅರ್ಧ ಕೆಲಸ. ಎಚ್ಚರಿಕೆಯ ದೀಪ ಸದಾ ಉರಿಯುತ್ತಿದ್ದರೆ ನಿಜವಾಗಿ ಬ್ರೇಕೋ ಸ್ಥಿರತೆ ವ್ಯವಸ್ಥೆಯೋ ಕೆಟ್ಟ ದಿನ ಯಾರೂ ಗಮನಿಸುವುದಿಲ್ಲ. ಶಾಕ್ ಅಬ್ಸಾರ್ಬರುಗಳೂ ವಿದ್ಯುತ್ ನಿಯಂತ್ರಣದವಾಗಿದ್ದರೆ, ಅವನ್ನು ತೆಗೆದಾಗ ತಂತಿಯ ತುದಿ ಖಾಲಿಯಾಗಿದೆಯೆಂದು ಕಂಪ್ಯೂಟರ್ ದೂರುತ್ತದೆ. ಅದಕ್ಕೆ ಕೋಡಿಂಗ್ ಮಾಡಬೇಕು, ಇಲ್ಲವೇ ಕಿಟ್ಟಿನ ಜತೆ ಬರುವ ಪುಟ್ಟ ಮಾಡ್ಯೂಲ್ ಜೋಡಿಸಬೇಕು. ಎತ್ತರ ಸಂವೇದಕಗಳನ್ನು ಮಾತ್ರ ತೆಗೆಯುವಂತಿಲ್ಲ. ಅನೇಕ ಗಾಡಿಗಳಲ್ಲಿ ಹೆಡ್‌ಲೈಟಿನ ಕಿರಣ ಏರಿಳಿಯುವುದು ಅವುಗಳ ಮಾತಿನಂತೆ.

ಕೊನೆಗೆ ವೀಲ್ ಅಲೈನ್‌ಮೆಂಟ್, ಹೆಡ್‌ಲೈಟ್ ಹೊಂದಿಕೆ. ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ತುಸು ಕೂರುವುದರಿಂದ ಅಳತೆ, ಅಲೈನ್‌ಮೆಂಟ್ ಇನ್ನೊಮ್ಮೆ. ಕಬ್ಬಿನ ಹಂಗಾಮಿನಲ್ಲಿ, ನವೆಂಬರಿನಿಂದ ಮಾರ್ಚಿನವರೆಗೆ, ಉಗಾರ, ರಾಯಬಾಗ, ಅಥಣಿ ದಾರಿಗಳಲ್ಲಿ ಟ್ರ್ಯಾಕ್ಟರ್ ಜೋಡಿ ಟ್ರೇಲರುಗಳ ಹಿಂದೆ ತೆವಳುವಾಗ ಡಾಂಬರು ಎದ್ದ ಗಾಲಿಜಾಡುಗಳು ಪರೀಕ್ಷೆಗೆ ತಕ್ಕ ಜಾಗ. ಅಲ್ಲಿ ಗಾಡಿ ಎಡಬಲಕ್ಕೆ ಎಳೆದರೆ ಮರಳಿ ಗ್ಯಾರೇಜಿಗೆ.

ಕಾಯಿದೆ ಮತ್ತು ಕಾಗದ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲತಃ ನಮೂದಿಸಿದ ಮತ್ತು ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182-ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ನೋಂದಣಿ ಪತ್ರದಲ್ಲಿ ಸಸ್ಪೆನ್ಷನ್ ಯಾವ ಬಗೆಯದೆಂಬ ಅಂಕಣ ಸಾಮಾನ್ಯವಾಗಿ ಕಾಣುವುದಿಲ್ಲ, ಹಾಗೆಂದು ತಯಾರಕರ ಮೂಲ ವಿವರದ ಪ್ರಶ್ನೆ ಮಾಯವಾಗದು. ಕಾರ್ಖಾನೆಯೇ ಸ್ಪ್ರಿಂಗ್ ರೂಪದಲ್ಲೂ ಮಾರಿದ ಮಾದರಿಗೆ ಅದೇ ಭಾಗಗಳನ್ನು ಹಾಕಿದವನ ವಾದ ಗಟ್ಟಿ. ಬೇರೆ ಗಾಡಿಯ ಸ್ಪ್ರಿಂಗ್ ಕತ್ತರಿಸಿ ಹಾಕಿದವನ ಬಳಿ ವಾದವೇ ಇಲ್ಲ. ಕೆಲಸಕ್ಕೆ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಗೆ ಬರೆದು ಕೇಳಿ ಉತ್ತರ ಪಡೆಯುವುದು, ವಿಮಾ ಕಂಪನಿಗೂ ತಿಳಿಸುವುದು ಕ್ಷೇಮ. ತಿಳಿಸದ ಮಾರ್ಪಾಟು ಅಪಘಾತದ ಪರಿಹಾರದ ಹೊತ್ತಿಗೆ ತಕರಾರಾಗಬಲ್ಲದು.

ಗಡಿ ಸೀಮೆಯ ಗಾಡಿಗಳಿಗೆ ಇನ್ನೊಂದು ಗಂಟು. ಕೊಲ್ಲಾಪುರದ ಎಂಎಚ್-09, ಸಾಂಗ್ಲಿಯ ಎಂಎಚ್-10 ಫಲಕದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಕಾಯಿದೆಯ 47ನೆಯ ಕಲಮಿನಂತೆ ಇಲ್ಲಿನ ಸಂಖ್ಯೆಗೆ ಅರ್ಜಿ ಹಾಕಬೇಕು. ಚಿಕ್ಕೋಡಿ ಕಚೇರಿಯ ಕೆಎ-23 ಸಿಗುವ ಮುನ್ನ ಗಾಡಿಯನ್ನು ಇನ್‌ಸ್ಪೆಕ್ಟರ್ ನೋಡುತ್ತಾರೆ. ಹದಿನೈದು ವರ್ಷ ತುಂಬಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸುವಾಗಲೂ ತಪಾಸಣೆ ಇದ್ದದ್ದೇ. ಸ್ಪ್ರಿಂಗಿನ ಭಾಗ ಸಂಖ್ಯೆ, ರಸೀದಿ, ಕಂಪ್ಯೂಟರಿನಲ್ಲಿ ಬದಲಿಸಿದ ಕೋಡ್, ಅಲೈನ್‌ಮೆಂಟಿನ ಚೀಟಿ ಒಂದೇ ಕಡತದಲ್ಲಿದ್ದರೆ ಆ ದಿನ ಮಾತು ಕಡಿಮೆಯಾಗುತ್ತದೆ. ಗಾಡಿ ಮುಂದೆ ಕೈ ಬದಲಿಸಿದಾಗಲೂ ಆ ಕಡತ ಜತೆಗೆ ಹೋಗಬೇಕು. ಚಾಸಿ ನಂಬರಿನಿಂದ ಹುಡುಕಿದರೆ ಕಂಪನಿಯ ದಾಖಲೆ ಅದನ್ನು ಇನ್ನೂ ಏರ್ ಸಸ್ಪೆನ್ಷನ್ ಗಾಡಿಯೆಂದೇ ತೋರಿಸುತ್ತದೆ. ಕಡತವಿಲ್ಲದ ಹೊಸ ಮಾಲೀಕ ಆ ಮಾತು ನಂಬಿ ಗಾಳಿ ಚೀಲಗಳನ್ನೇ ತರಿಸಿಬಿಡುತ್ತಾನೆ.